ಬೆಕ್ಕಿಗೊಂದು ಯೂನಿಟ್ ಇನ್ಸುಲಿನ್

ಪುತ್ತೂರಿನಿಂದ ಸವಣೂರು ದಾಟಿ ಸುಬ್ರಹ್ಮಣ್ಯದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಕಾಣಿಯೂರು ಅಡಿಕೆ ತೋಟಗಳ ಊರು. ಅಲ್ಲಿನ ಮನೆಗಳಲ್ಲಿ ಬೆಕ್ಕನ್ನು ಅಂದಕ್ಕಾಗಿ ಸಾಕುವ ಪದ್ಧತಿ ಇರಲಿಲ್ಲ. ಅಟ್ಟದಲ್ಲಿ ಅಡಿಕೆ, ಕೊಟ್ಟಿಗೆಯ ಮೂಲೆಯಲ್ಲಿ ತೆಂಗಿನಕಾಯಿ, ಒಳಕೋಣೆಯಲ್ಲಿ ಅಕ್ಕಿಮುಡಿ ಇದ್ದ ಮನೆಗೆ ಇಲಿಯ ಕಾಟ ತಪ್ಪುತ್ತಿರಲಿಲ್ಲ. ಆದ್ದರಿಂದ ಬೆಕ್ಕೊಂದು ಬೇಕೇ ಬೇಕಿತ್ತು. ಹೀಗೆ ಕೆಲಸಕ್ಕೆಂದು ಮನೆ ಸೇರಿದ ಬೆಕ್ಕು ಕ್ರಮೇಣ ಮಕ್ಕಳ ಪುಸ್ತಕದ ಮೇಲೆ ಮಲಗುತ್ತದೆ, ಅಜ್ಜಿಯ ಮಣೆಯ ಪಕ್ಕದಲ್ಲಿ ಜಾಗ ಹಿಡಿಯುತ್ತದೆ. ಇಲಿ ಹಿಡಿಯುವುದನ್ನು ಮರೆತರೂ ಊಟದ ಹೊತ್ತನ್ನು ಮರೆಯುವುದಿಲ್ಲ.

ಇಂಥ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಪುತ್ತೂರಿಗೋ ಮಂಗಳೂರಿಗೋ ಹೋದಾಗ, ಪಶುವೈದ್ಯರು ರಕ್ತ ಪರೀಕ್ಷೆ ಮಾಡಿ, ‘ಇದಕ್ಕೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಬಾರಿ ಇನ್ಸುಲಿನ್ ಚುಚ್ಚಬೇಕು’ ಎಂದರೆ ಮನೆಯವರು ಮೊದಲು ನಂಬುವುದಿಲ್ಲ. ‘ಮನುಷ್ಯರ ಕಾಯಿಲೆ ಬೆಕ್ಕಿಗೂ ಉಂಟಾ?’ ಎಂಬ ಪ್ರಶ್ನೆ ಸಹಜ. ಉಂಟು. ನಂಬಿದ ಮೇಲೆ ಬರುವುದು ಸೂಜಿಯ ಹೆದರಿಕೆ. ಆದರೆ ಇಲ್ಲಿ ನಿಜವಾಗಿ ಎಚ್ಚರದಿಂದ ನೋಡಬೇಕಾದದ್ದು ಸೂಜಿಯ ಮೊನೆಗಿಂತಲೂ ಔಷಧಿಯ ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿ ಮುದ್ರಿಸಿರುವ ಒಂದು ಅಂಕಿಯನ್ನು ಮತ್ತು ಗೋಡೆಯ ಮೇಲಿನ ಗಡಿಯಾರವನ್ನು. ಇವೆರಡನ್ನು ಸರಿಯಾಗಿ ಓದಬಲ್ಲ ಮನೆ ಬೆಕ್ಕಿನ ಮಧುಮೇಹವನ್ನು ನಿಭಾಯಿಸಬಲ್ಲದು.

ಮೊದಲ ಸೂಚನೆಗಳು

ಬೆಕ್ಕು ಸಾಮಾನ್ಯವಾಗಿ ಕಡಿಮೆ ನೀರು ಕುಡಿಯುವ ಪ್ರಾಣಿ. ಅಂಥ ಬೆಕ್ಕು ಬಚ್ಚಲಿನ ಬಕೆಟ್ಟಿಗೆ, ತುಳಸಿಕಟ್ಟೆಯ ಬಳಿಯ ಚೆಂಬಿಗೆ, ದನಕ್ಕಿಟ್ಟ ನೀರಿಗೆ ಪದೇ ಪದೇ ಬಾಯಿ ಹಾಕತೊಡಗಿದರೆ ಗಮನಿಸಬೇಕು. ನೀರು ಹೆಚ್ಚಾದಂತೆ ಮೂತ್ರವೂ ಹೆಚ್ಚುತ್ತದೆ. ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುವುದೂ ಉಂಟು. ಮನುಷ್ಯರ ಮಧುಮೇಹದಲ್ಲಿ ಈ ಇರುವೆಯ ಗುರುತನ್ನು ಭಾರತದ ಪ್ರಾಚೀನ ವೈದ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು; ಕಾಯಿಲೆಯ ಹೆಸರಿನಲ್ಲಿಯೇ ‘ಮಧು’ ಸೇರಿಕೊಂಡಿದೆ.

ಮೂರನೆಯ ಸೂಚನೆ ಮನೆಯವರನ್ನು ದಾರಿ ತಪ್ಪಿಸುವಂಥದು. ಬೆಕ್ಕು ಹಿಂದಿಗಿಂತ ಹೆಚ್ಚು ತಿನ್ನುತ್ತದೆ, ಆದರೆ ಬೆನ್ನೆಲುಬು ಕೈಗೆ ಸಿಗುವಷ್ಟು ಇಳಿಯುತ್ತದೆ. ‘ಒಳ್ಳೆಯ ಹಸಿವು ಉಂಟು, ಕಾಯಿಲೆ ಏನೂ ಇಲ್ಲ’ ಎಂದು ಸುಮ್ಮನಾಗುವವರೇ ಹೆಚ್ಚು. ಕಾಯಿಲೆ ಮುಂದುವರಿದರೆ ಕೆಲವು ಬೆಕ್ಕುಗಳ ಹಿಂಗಾಲಿನ ನರಗಳು ದುರ್ಬಲವಾಗುತ್ತವೆ. ಬೆರಳ ತುದಿಯ ಮೇಲೆ ನಡೆಯುತ್ತಿದ್ದ ಬೆಕ್ಕು ಹಿಮ್ಮಡಿಯನ್ನು ನೆಲಕ್ಕೂರಿ ನಡೆಯುತ್ತದೆ. ಕಟ್ಟೆ ಹಾರಲು ಹಿಂಜರಿಯುತ್ತದೆ. ಇದನ್ನು ಮುಪ್ಪು ಎಂದು ಭಾವಿಸಿ ಬಿಟ್ಟುಬಿಡಬಾರದು.

ಏಳು ವರ್ಷ ದಾಟಿದ, ಬೊಜ್ಜು ಬೆಳೆದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗಂಡು ಬೆಕ್ಕುಗಳಲ್ಲಿ ಈ ಕಾಯಿಲೆ ಹೆಚ್ಚು. ಬೇರೆ ಕಾಯಿಲೆಗೆ ಸ್ಟೀರಾಯ್ಡ್ ಔಷಧಿ ಕೊಟ್ಟಾಗಲೂ ಬರಬಹುದು. ಬಹುತೇಕ ಬೆಕ್ಕುಗಳ ಮಧುಮೇಹ ಮನುಷ್ಯರ ಎರಡನೆಯ ಬಗೆಯ ಮಧುಮೇಹವನ್ನು ಹೋಲುತ್ತದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಉತ್ಪಾದಿಸುತ್ತಿರುತ್ತದೆ, ಆದರೆ ದೇಹ ಅದರ ಮಾತನ್ನು ಕೇಳುವುದಿಲ್ಲ. ಗ್ರಂಥಿ ಇನ್ನಷ್ಟು ದುಡಿದು ಕೊನೆಗೆ ದಣಿಯುತ್ತದೆ. ರಕ್ತದಲ್ಲಿ ಏರಿದ ಸಕ್ಕರೆ ಒಂದು ಮಟ್ಟವನ್ನು ದಾಟಿದಾಗ, ಅಂದರೆ 100 ಮಿ.ಲೀ. ರಕ್ತದಲ್ಲಿ ಸುಮಾರು 250ರಿಂದ 290 ಮಿ.ಗ್ರಾಂ. ಆದಾಗ, ಮೂತ್ರಪಿಂಡಗಳು ಅದನ್ನು ತಡೆಯಲಾರದೆ ಹೊರಬಿಡುತ್ತವೆ. ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದೊಯ್ಯುವುದರಿಂದ ಬಾಯಾರಿಕೆ.

ಇಲ್ಲಿ ಬೆಕ್ಕಿಗೇ ವಿಶೇಷವಾದ ಒಂದು ತೊಡಕಿದೆ. ಬಸ್ಸಿನ ಸದ್ದು, ಹೊಸ ಜಾಗ, ನಾಯಿಯ ವಾಸನೆ ಇವುಗಳಿಂದ ಗಾಬರಿಗೊಂಡ ಆರೋಗ್ಯವಂತ ಬೆಕ್ಕಿನ ರಕ್ತದಲ್ಲಿಯೂ ಸಕ್ಕರೆ ಕೆಲಹೊತ್ತು 300ಕ್ಕಿಂತ ಮೇಲೇರಬಹುದು. ಆದುದರಿಂದ ಒಂದೇ ಒಂದು ರಕ್ತ ಪರೀಕ್ಷೆಯನ್ನು ನಂಬಿ ವೈದ್ಯರು ತೀರ್ಮಾನಕ್ಕೆ ಬರುವುದಿಲ್ಲ. ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡುತ್ತಾರೆ. ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ತಿಳಿಸುವ ಫ್ರಕ್ಟೋಸಮೀನ್ ಎಂಬ ಪರೀಕ್ಷೆಯನ್ನೂ ಮಾಡಿಸಬಹುದು. ಮನೆಯವರು ಹೇಳುವ ‘ನೀರು ಎಷ್ಟು, ತೂಕ ಎಷ್ಟು ಇಳಿಯಿತು’ ಎಂಬ ವಿವರ ಇಲ್ಲಿ ಪರೀಕ್ಷೆಯಷ್ಟೇ ಮುಖ್ಯ.

ಪ್ರಾಣಿಗಳಿಂದ ಬಂದ ಔಷಧಿ

ಇನ್ಸುಲಿನ್ ಪ್ರಾಣಿಗಳಿಗೆ ಹೊಸತೇನಲ್ಲ. ಅದು ಮನುಷ್ಯರಿಗೆ ಸಿಕ್ಕಿದ್ದೇ ಪ್ರಾಣಿಗಳ ಮೂಲಕ. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ವೈದ್ಯರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. ಕಾಯಿಲೆಯ ಬೇರು ಎಲ್ಲಿದೆಯೆಂದು ತಿಳಿದದ್ದು ಹಾಗೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡ್ರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಮೆಕ್ಲಿಯಡ್ ಅವರ ಪ್ರಯೋಗಾಲಯದಲ್ಲಿ, ನಾಯಿಗಳ ಮೇಲೆ ಪ್ರಯೋಗ ನಡೆಸಿ ಆ ಗ್ರಂಥಿಯ ಸಾರವನ್ನು ಬೇರ್ಪಡಿಸಿದರು. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಡಲಾಯಿತು. ಅದು ಅಷ್ಟಾಗಿ ಫಲಿಸಲಿಲ್ಲ. ಹನ್ನೆರಡು ದಿನಗಳ ಬಳಿಕ ಶುದ್ಧಗೊಳಿಸಿದ ಔಷಧಿ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಈ ಔಷಧಿಯ ಹಕ್ಕನ್ನು ಅವರು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ಮುಂದಿನ ಆರು ದಶಕಗಳ ಕಾಲ ಜಗತ್ತಿನ ಮಧುಮೇಹಿಗಳು ಬಳಸಿದ್ದು ಹಸು ಮತ್ತು ಹಂದಿಯ ಗ್ರಂಥಿಯಿಂದ ತೆಗೆದ ಇನ್ಸುಲಿನ್ನನ್ನೇ. ಇನ್ಸುಲಿನ್ ಎಂದರೆ 51 ಅಮೈನೊ ಆಮ್ಲಗಳನ್ನು ಪೋಣಿಸಿದ ಎರಡು ಎಳೆಗಳ ಪ್ರೋಟೀನು. ಈ ಜೋಡಣೆಯ ಕ್ರಮವನ್ನು ಬಿಡಿಸಿ ತೋರಿಸಿದ ಫ್ರೆಡ್ರಿಕ್ ಸ್ಯಾಂಗರ್ ಅವರಿಗೆ 1958ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪ್ರಾಣಿಗಳ ಇನ್ಸುಲಿನ್ನುಗಳನ್ನು ಹೋಲಿಸಿದರೆ ಒಂದು ಸೋಜಿಗ ಕಾಣುತ್ತದೆ. ನಾಯಿಯದೂ ಹಂದಿಯದೂ ಒಂದೇ. ಬೆಕ್ಕಿನದಕ್ಕೂ ಹಸುವಿನದಕ್ಕೂ ಇರುವ ವ್ಯತ್ಯಾಸ 51ರಲ್ಲಿ ಒಂದೇ ಒಂದು ಮಣಿಯದು. ಬೆಕ್ಕಿಗೂ ಮನುಷ್ಯನಿಗೂ ನಾಲ್ಕು ಮಣಿಗಳ ವ್ಯತ್ಯಾಸ. ಇಷ್ಟು ಹತ್ತಿರದ ಹೋಲಿಕೆ ಇರುವುದರಿಂದಲೇ ಮನುಷ್ಯರಿಗಾಗಿ ತಯಾರಾದ ಇನ್ಸುಲಿನ್ ಬೆಕ್ಕಿನ ದೇಹದಲ್ಲಿಯೂ ಕೆಲಸ ಮಾಡುತ್ತದೆ.

1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್ನಿಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನ್ನನ್ನೂ, 2009ರಲ್ಲಿ ಗ್ಲಾರ್ಜಿನ್ ಎಂಬ ದೀರ್ಘಕಾಲ ಕೆಲಸ ಮಾಡುವ ಬಗೆಯನ್ನೂ ಮಾರುಕಟ್ಟೆಗೆ ತಂದಿತು. ಬೆಕ್ಕುಗಳಿಗೆ ಪಶುವೈದ್ಯರು ಹೆಚ್ಚಾಗಿ ಆರಿಸುವ ಇನ್ಸುಲಿನ್ನುಗಳಲ್ಲಿ ಈ ಗ್ಲಾರ್ಜಿನ್ ಒಂದು. ಮನುಷ್ಯರಿಗೆ ಸಾಮಾನ್ಯವಾಗಿ ದಿನಕ್ಕೆ ಒಮ್ಮೆ ಸಾಕಾಗುವ ಇದನ್ನು ಬೆಕ್ಕಿಗೆ 12 ಗಂಟೆಗೊಮ್ಮೆ ಕೊಡಬೇಕಾಗುತ್ತದೆ.

ನಲವತ್ತು ಮತ್ತು ನೂರರ ಲೆಕ್ಕ

ಈಗ ಬಾಟಲಿಯ ಮೇಲಿನ ಅಂಕಿಗೆ ಬರಬೇಕು. ಇನ್ಸುಲಿನ್ನನ್ನು ಅಳೆಯುವುದು ಯೂನಿಟ್ಟಿನಲ್ಲಿ. ಭಾರತದಲ್ಲಿ ಮುಖ್ಯವಾಗಿ ಎರಡು ಸಾಂದ್ರತೆಯ ಇನ್ಸುಲಿನ್ ಬಳಕೆಯಲ್ಲಿವೆ. ಮನುಷ್ಯರಿಗೆ ಕೊಡುವ ಹಲವು ಸಾಮಾನ್ಯ ಬಾಟಲಿಗಳಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್. ಗ್ಲಾರ್ಜಿನ್‌ನಲ್ಲಿ ಮತ್ತು ಪೆನ್ನಿಗೆ ಹಾಕುವ ಕಾಟ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 100 ಯೂನಿಟ್. ಇವುಗಳಿಗೆ ಸಿರಿಂಜುಗಳೂ ಬೇರೆ ಬೇರೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ.

ಅಜ್ಜನಿಗೂ ಸಕ್ಕರೆ ಕಾಯಿಲೆ ಇರುವ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಇಂಥ ಮನೆಗಳಿಗೆ ಕೊರತೆಯಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ ಅಜ್ಜನ 40ರ ಬಾಟಲಿ, ಕಪಾಟಿನಲ್ಲಿ ಕೆಂಪು ಮುಚ್ಚಳದ ಸಿರಿಂಜುಗಳು. ಬೆಕ್ಕಿಗೆ ವೈದ್ಯರು ಬರೆದುಕೊಟ್ಟದ್ದು 100ರ ಗ್ಲಾರ್ಜಿನ್, ಒಂದು ಯೂನಿಟ್. ಕಿತ್ತಳೆ ಮುಚ್ಚಳದ ಸಿರಿಂಜು ಮುಗಿದ ದಿನ, ‘ಇದೂ ಇನ್ಸುಲಿನ್ ಸಿರಿಂಜೇ ಅಲ್ಲವೇ’ ಎಂದು ಯಾರಾದರೂ ಅಜ್ಜನ ಸಿರಿಂಜಿನಲ್ಲಿ ಒಂದರ ಗೆರೆಯವರೆಗೆ ಔಷಧಿ ಎಳೆದರೆ ಏನಾಗುತ್ತದೆ?

ಹೈಸ್ಕೂಲಿನ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. 40ರ ಸಿರಿಂಜಿನಲ್ಲಿ ಒಂದು ಗೆರೆ ಎಂದರೆ ಮಿ.ಲೀ.ಯ ನಲವತ್ತನೆಯ ಒಂದು ಭಾಗ, 0.025 ಮಿ.ಲೀ. ಪ್ರತಿ ಮಿ.ಲೀ.ಗೆ 100 ಯೂನಿಟ್ ಇರುವ ಔಷಧಿಯನ್ನು ಅಷ್ಟು ತೆಗೆದುಕೊಂಡರೆ ಅದರಲ್ಲಿ 2.5 ಯೂನಿಟ್ ಇರುತ್ತದೆ. ಅಂದರೆ ಬೆಕ್ಕಿಗೆ ಎರಡೂವರೆ ಪಟ್ಟು ಔಷಧಿ. ನಾಲ್ಕು ಕಿಲೋ ತೂಕದ ಪ್ರಾಣಿಯ ಜೀವಕ್ಕೆ ಇಷ್ಟು ಅಪಾಯ ಸಾಕು. ತಪ್ಪು ತಿರುಗುಮುರುಗಾಗಿ, 40ರ ಔಷಧಿಯನ್ನು 100ರ ಸಿರಿಂಜಿನಲ್ಲಿ ಎಳೆದರೆ ಸಿಗುವುದು ಬರೀ 0.4 ಯೂನಿಟ್; ಚಿಕಿತ್ಸೆ ನಡೆಯುತ್ತಿದೆ ಎಂಬ ಭ್ರಮೆಯಲ್ಲಿ ಕಾಯಿಲೆ ಬೆಳೆಯುತ್ತದೆ. ಹಾಗಾಗಿ ನಿಯಮ ಒಂದೇ: ಬಾಟಲಿಯ ಅಂಕಿ ಮತ್ತು ಸಿರಿಂಜಿನ ಅಂಕಿ ಒಂದೇ ಆಗಿರಬೇಕು. ಅಜ್ಜನ ಸಾಮಾನು ಒಂದು ಡಬ್ಬಿಯಲ್ಲಿ, ಬೆಕ್ಕಿನದು ಇನ್ನೊಂದರಲ್ಲಿ ಇರಬೇಕು. ಹೊಸ ಸಿರಿಂಜು ತರಲು ಮೆಡಿಕಲಿಗೆ ಹೋಗುವವರು ಹಳೆಯದರ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುವುದು ಲೇಸು.

100ರ ಇನ್ಸುಲಿನ್ನಿನ ಒಂದು ಯೂನಿಟ್ ಎಂದರೆ 0.01 ಮಿ.ಲೀ.; ಒಂದು ಹನಿಯ ಐದನೆಯ ಒಂದು ಭಾಗದಷ್ಟು. ಅಷ್ಟನ್ನು ದೊಡ್ಡ ಸಿರಿಂಜಿನಲ್ಲಿ ಸರಿಯಾಗಿ ಅಳೆಯಲಾಗದು. ಅರ್ಧ ಯೂನಿಟ್ಟಿಗೂ ಗೆರೆ ಇರುವ 0.3 ಮಿ.ಲೀ.ಯ ಸಣ್ಣ ಸಿರಿಂಜು ಸಿಕ್ಕರೆ ಉತ್ತಮ. ಹಣದ ಲೆಕ್ಕವೂ ಇದೆ. 10 ಮಿ.ಲೀ. ಬಾಟಲಿಯಲ್ಲಿ 1000 ಯೂನಿಟ್ ಇರುತ್ತದೆ. ದಿನಕ್ಕೆ ಎರಡು ಯೂನಿಟ್ ಬೇಕಾಗುವ ಬೆಕ್ಕಿಗೆ ಅದು 500 ದಿನಕ್ಕೆ ಸಾಕಾಗುವಷ್ಟಾಯಿತು, ಆದರೆ ತೆರೆದ ಬಾಟಲಿ ಅಷ್ಟು ಕಾಲ ಸತ್ವ ಉಳಿಸಿಕೊಳ್ಳುವುದಿಲ್ಲ. 3 ಮಿ.ಲೀ. ಕಾಟ್ರಿಜ್ ಕೊಂಡರೆ ಕಡಿಮೆ ನಷ್ಟ. ಇದನ್ನು ವೈದ್ಯರಲ್ಲಿ ಕೇಳಿಯೇ ಕೊಳ್ಳಬೇಕು.

ಚುಚ್ಚುವ ಕ್ರಮ

ಆರಂಭದಲ್ಲಿ ವೈದ್ಯರು ಕಡಿಮೆ ಪ್ರಮಾಣವನ್ನೇ ಬರೆಯುತ್ತಾರೆ. ಬಹಳಷ್ಟು ಬೆಕ್ಕುಗಳಿಗೆ ಪ್ರತಿ ಸಲ ಒಂದು ಯೂನಿಟ್ಟಿನ ಆಸುಪಾಸು. ಮೊದಲ ದಿನವೇ ಸಕ್ಕರೆ ಇಳಿಯಲಿಲ್ಲವೆಂದು ಮನೆಯವರು ತಾವೇ ಪ್ರಮಾಣ ಏರಿಸಬಾರದು. ಇನ್ಸುಲಿನ್ನಿಗೆ ದೇಹ ಹೊಂದಿಕೊಳ್ಳಲು ಕೆಲವು ದಿನ ಬೇಕು.

ಮೊದಲು ಬೆಕ್ಕಿಗೆ ಊಟ. ತಿನ್ನುತ್ತಿರುವಾಗಲೋ ತಿಂದ ಕೂಡಲೇ ಚುಚ್ಚಬೇಕು. ಪಕ್ಕೆಯ ಮೇಲಿನ ಸಡಿಲವಾದ ಚರ್ಮವನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೇಲಕ್ಕೆತ್ತಿದರೆ ಸಣ್ಣ ಡೇರೆಯಂತಾಗುತ್ತದೆ. ಡೇರೆಯ ಬುಡಕ್ಕೆ ಸೂಜಿ ಹಾಕಿ ಔಷಧಿ ಒತ್ತಬೇಕು. ಸೂಜಿ ಆಚೆ ಬದಿಯಿಂದ ಹೊರಬಂದು ಔಷಧಿ ರೋಮದ ಮೇಲೆ ಬಿದ್ದಿದೆಯೇ ಎಂದು ಮುಟ್ಟಿ ನೋಡಬೇಕು. ದಿನವೂ ಒಂದೇ ಜಾಗದಲ್ಲಿ ಚುಚ್ಚದೆ ಜಾಗ ಬದಲಿಸಬೇಕು. ಇನ್ಸುಲಿನ್ ಸೂಜಿ ಕೂದಲಿನಂತೆ ತೆಳ್ಳಗಿರುವುದರಿಂದ ತಿನ್ನುವುದರಲ್ಲಿ ಮುಳುಗಿದ ಅನೇಕ ಬೆಕ್ಕುಗಳು ತಲೆ ಎತ್ತುವುದೂ ಇಲ್ಲ. ಮೊದಲ ಸಲ ವೈದ್ಯರ ಎದುರಿನಲ್ಲಿಯೇ ಬರೀ ಲವಣಜಲ ತುಂಬಿ ಅಭ್ಯಾಸ ಮಾಡಿಕೊಂಡರೆ ಕೈನಡುಕ ಹೋಗುತ್ತದೆ.

ಅರ್ಧ ಔಷಧಿ ಹೊರಗೆ ಚೆಲ್ಲಿತೋ, ಅಪ್ಪ ಬೆಳಿಗ್ಗೆ ಕೊಟ್ಟಿದ್ದಾರೋ ಇಲ್ಲವೋ ಎಂಬ ಸಂಶಯ ಬಂದರೆ ಮತ್ತೆ ಚುಚ್ಚಬಾರದು. ಮುಂದಿನ ಹೊತ್ತಿನವರೆಗೆ ಕಾಯಬೇಕು. ಒಂದು ಹೊತ್ತು ತಪ್ಪಿದರೆ ಸಾಮಾನ್ಯವಾಗಿ ಬೆಕ್ಕು ತಡೆದುಕೊಳ್ಳುತ್ತದೆ. ಎರಡು ಬಾರಿ ಕೊಟ್ಟರೆ ಸಾಯಬಹುದು. ಬೆಕ್ಕು ತಿನ್ನದಿದ್ದರೆ ಅಥವಾ ವಾಂತಿ ಮಾಡಿಕೊಂಡಿದ್ದರೆ ಎಂದಿನಂತೆ ಚುಚ್ಚದೆ ವೈದ್ಯರಿಗೆ ಫೋನು ಮಾಡಬೇಕು. ಬಳಸಿದ ಸೂಜಿಯನ್ನು ತೋಟಕ್ಕೆ ಎಸೆಯದೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಒಪ್ಪಿಸಬೇಕು; ತೋಟದಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡುವವರಿರುತ್ತಾರೆ.

ಅನ್ನವೋ ಮೀನೋ

ಬೆಕ್ಕು ಮೂಲತಃ ಮಾಂಸಾಹಾರಿ. ಅದರ ದೇಹ ಪಿಷ್ಟವನ್ನು ಬಳಸುವುದಕ್ಕಿಂತ ಪ್ರೋಟೀನನ್ನು ಬಳಸುವುದಕ್ಕೆ ಹೆಚ್ಚು ತಯಾರಾಗಿದೆ. ಹಳ್ಳಿಯ ಬೆಕ್ಕಿಗೆ ಗೆರಟೆಯಲ್ಲಿ ಸಿಗುವುದು ಹೆಚ್ಚಾಗಿ ಹಾಲು ಕಲಸಿದ ಅನ್ನ, ಇಲ್ಲವೇ ಮೀನಿನ ಮುಳ್ಳು ಸೇರಿಸಿದ ಅನ್ನ. ಮಧುಮೇಹದ ಬೆಕ್ಕಿಗೆ ಅನ್ನ ಕಡಿಮೆಯಾಗಿ, ಉಪ್ಪು ಖಾರ ಹಾಕದೆ ಬೇಯಿಸಿದ ಮೀನು, ಕೋಳಿಮಾಂಸ, ಮೊಟ್ಟೆ ಹೆಚ್ಚಬೇಕು. ಆದರೆ ಇನ್ಸುಲಿನ್ ಆರಂಭವಾದ ಮೇಲೆ ಒಂದೇ ದಿನದಲ್ಲಿ ಅನ್ನ ನಿಲ್ಲಿಸಿದರೆ ಸಕ್ಕರೆ ಹಠಾತ್ತಾಗಿ ಕುಸಿಯಬಹುದು. ಬದಲಾವಣೆ ನಿಧಾನವಾಗಿ, ವೈದ್ಯರಿಗೆ ತಿಳಿಸಿ ಆಗಬೇಕು. ಮಾಂಸ ಮೀನು ಒಳಗೆ ಬಾರದ ಮನೆಗಳಲ್ಲಿ ಇದು ಕಷ್ಟದ ಪ್ರಶ್ನೆ. ಅಂಥವರು ಅದನ್ನು ಮುಚ್ಚಿಡದೆ ವೈದ್ಯರ ಬಳಿ ಹೇಳಿದರೆ, ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರದಲ್ಲಿ ಪಿಷ್ಟ ಕಡಿಮೆ ಇರುವುದನ್ನು ಆರಿಸಿಕೊಡಬಹುದು.

ತೋಟ ಸುತ್ತುವ ಬೆಕ್ಕನ್ನು ಬೆಳಿಗ್ಗೆ ಏಳಕ್ಕೂ ಸಂಜೆ ಏಳಕ್ಕೂ ಮನೆಯಲ್ಲಿರುವಂತೆ ಮಾಡುವುದು ಹೇಗೆ ಎಂಬ ಚಿಂತೆಗೆ ಊಟವೇ ಉತ್ತರ. ಆ ಎರಡು ಹೊತ್ತಿನಲ್ಲಿ ಮಾತ್ರ ಒಳ್ಳೆಯ ಊಟ ಸಿಗುತ್ತದೆಂದು ಗೊತ್ತಾದರೆ ಬೆಕ್ಕು ಕೆಲವೇ ದಿನಗಳಲ್ಲಿ ಹೊತ್ತಿಗೆ ಸರಿಯಾಗಿ ಬರುತ್ತದೆ. ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಡಬೇಕು.

ಸಕ್ಕರೆ ಇಳಿದಾಗ

ಅತಿಯಾದ ಇನ್ಸುಲಿನ್ನಿನಿಂದ ರಕ್ತದ ಸಕ್ಕರೆ ತೀರ ಇಳಿದರೆ ಬೆಕ್ಕು ಮಂಕಾಗುತ್ತದೆ, ತೂರಾಡುತ್ತದೆ, ನಡುಗುತ್ತದೆ. ಕೊನೆಗೆ ಫಿಟ್ಸ್ ಬರಬಹುದು. ಎಚ್ಚರವಿದ್ದರೆ ಕೂಡಲೇ ತಿನ್ನಲು ಕೊಡಬೇಕು. ತಿನ್ನಲಾರದಿದ್ದರೆ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಬೆರಳಿನಿಂದ ವಸಡಿಗೆ ಸವರಬೇಕು. ಬಾಯಿಗೆ ಸುರಿಯಬಾರದು, ಶ್ವಾಸನಾಳಕ್ಕೆ ಹೋಗಬಹುದು. ಫಿಟ್ಸ್ ಬರುತ್ತಿರುವಾಗ ಬಾಯಿಗೆ ಬೆರಳು ಹಾಕಿದರೆ ಕಚ್ಚಿಸಿಕೊಳ್ಳಬೇಕಾದೀತು. ಆಮೇಲೆ ತಡಮಾಡದೆ ಆಸ್ಪತ್ರೆಗೆ. ಪುತ್ತೂರು ಸುಳ್ಯದ ಕಡೆಯ ಮನೆಗಳಲ್ಲಿ ಜೇನಿಗೆ ಬರವಿಲ್ಲ, ಆದರೆ ಅದರ ಬಾಟಲಿ ಎಲ್ಲಿದೆಯೆಂದು ಮನೆಯ ಎಲ್ಲರಿಗೂ ಗೊತ್ತಿರಬೇಕು. ಬೆಕ್ಕು ಜೇನನ್ನು ತಾನಾಗಿ ನೆಕ್ಕೀತೆಂದು ಕಾಯಬಾರದು. ಸಿಹಿಯನ್ನು ಗುರುತಿಸುವ ಜೀನುಗಳಲ್ಲೊಂದು ಬೆಕ್ಕಿನ ಜಾತಿಯಲ್ಲಿ ಕೆಟ್ಟುಹೋಗಿದೆ, ಆದ್ದರಿಂದ ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ ಎಂದು ವಿಜ್ಞಾನಿಗಳು 2005ರಲ್ಲಿ ತೋರಿಸಿದ್ದಾರೆ. ಸಕ್ಕರೆ ಕಾಯಿಲೆ ಬರುವ ಪ್ರಾಣಿಗೆ ಸಕ್ಕರೆಯ ರುಚಿ ಗೊತ್ತಿಲ್ಲ!

ಮಳೆಗಾಲದಲ್ಲಿ ಕರೆಂಟು ಹೋಗುವುದು ಈ ಭಾಗದಲ್ಲಿ ಹೊಸತಲ್ಲ. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಐಸಾಗುವ ಜಾಗದಲ್ಲಿ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ಪದೇ ಪದೇ ತೆರೆಯದಿದ್ದರೆ ತಂಪು ಕೆಲವು ಗಂಟೆ ಉಳಿಯುತ್ತದೆ. ನೀರು ಹನಿಸಿದ ಮಣ್ಣಿನ ಮಡಕೆ ಬೇಸಿಗೆಯಲ್ಲಿ ಒಳ್ಳೆಯ ಉಪಾಯ. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಗಾಳಿಯೇ ತೇವದಿಂದ ತುಂಬಿರುವ ಜುಲೈಯಲ್ಲಿ ಮಡಕೆ ಅಷ್ಟು ತಂಪಾಗುವುದಿಲ್ಲ, ಆದರೆ ಆಗ ಹೊರಗಿನ ಸೆಕೆಯೂ ಕಡಿಮೆ.

ಯಾರು ಮಾಡುವುದು?

ಹೆತ್ತವರು ಚಿಕಿತ್ಸೆಗೆ ಒಪ್ಪುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಬೆಕ್ಕು ಮಗಳದ್ದೇ ಇರಬಹುದು, ಆದರೆ ಅವಳು ಬರುವ ವರ್ಷ ಹಾಸ್ಟೆಲಿಗೆ ಹೋಗುವವಳು. ಸೂಜಿಯ ಹೊಣೆ ದೊಡ್ಡವರದೇ ಆಗಿರಬೇಕು, ಮತ್ತು ಅದನ್ನು ಕಲಿತವರು ಮನೆಯಲ್ಲಿ ಕನಿಷ್ಠ ಇಬ್ಬರಿರಬೇಕು. ಇಲ್ಲವಾದರೆ ಒಂದು ಮದುವೆಗೂ ಹೋಗುವ ಹಾಗಿಲ್ಲ. ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸ ಬೇರೆಯಿದೆ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಎಷ್ಟು ತಿಂದಿತು, ಎಷ್ಟು ಯೂನಿಟ್, ಯಾರು ಕೊಟ್ಟರು, ಎಷ್ಟು ನೀರು ಕುಡಿಯಿತು, ವಾರಕ್ಕೊಮ್ಮೆ ತೂಕ, ಇಷ್ಟನ್ನು ಬರೆದಿಡುವುದು. ಚುಚ್ಚಿದ ಕೂಡಲೇ ಬರೆಯುವ ಅಭ್ಯಾಸವಿದ್ದರೆ ಎರಡು ಬಾರಿ ಕೊಡುವ ಅಪಾಯವೇ ಇಲ್ಲ. ಕಿವಿಯ ಅಂಚಿನಿಂದ ಒಂದು ತೊಟ್ಟು ರಕ್ತ ತೆಗೆದು ಗ್ಲೂಕೋಮೀಟರಿನಲ್ಲಿ ನೋಡಲು ವೈದ್ಯರು ಕಲಿಸಿದರೆ ಆ ಅಂಕಿಯನ್ನೂ ಸೇರಿಸಬಹುದು. ಮನುಷ್ಯರ ಮೀಟರು ಬೆಕ್ಕಿನ ಸಕ್ಕರೆಯನ್ನು ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆಂಬುದು ನೆನಪಿರಬೇಕು. ಹೀಗೆ ಬರೆದ ಪುಸ್ತಕ ವೈದ್ಯರಿಗೆ ಬಹಳ ಉಪಯುಕ್ತ.

ಬೆಕ್ಕಿಗೆಂದೇ ಬಾಯಲ್ಲಿ ಕೊಡುವ ಎರಡು ಹೊಸ ಔಷಧಿಗಳಿಗೆ 2022 ಮತ್ತು 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅವು ಎಲ್ಲ ಬೆಕ್ಕುಗಳಿಗೂ ಅಲ್ಲ. ಮೊದಲೇ ಇನ್ಸುಲಿನ್ ಪಡೆದ ಬೆಕ್ಕುಗಳಿಗೆ ಸಲ್ಲವು. ಹಾಗಾಗಿ ಇನ್ಸುಲಿನ್ನಿನ ಸ್ಥಾನ ಈಗಲೂ ಭದ್ರ.

ಕೊನೆಗೊಂದು ಭರವಸೆಯ ಮಾತು. ಕಾಯಿಲೆಯನ್ನು ಬೇಗ ಗುರುತಿಸಿ, ಇನ್ಸುಲಿನ್ ಕೊಟ್ಟು, ಆಹಾರ ತಿದ್ದಿ, ಬೊಜ್ಜು ಕರಗಿಸಿದರೆ ದಣಿದ ಗ್ರಂಥಿಗೆ ವಿಶ್ರಾಂತಿ ಸಿಕ್ಕಿ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ ಬೇಕಾಗದೆಯೇ ಹೋಗುತ್ತದೆ. ಈ ಸಾಧ್ಯತೆ ಮೊದಲ ತಿಂಗಳುಗಳಲ್ಲಿಯೇ ಹೆಚ್ಚು. ತಡಮಾಡಿದಷ್ಟೂ ಅದು ಕ್ಷೀಣ. ಚಿಕಿತ್ಸೆಯೇ ಇಲ್ಲದಿದ್ದರೆ ದೇಹ ಸಕ್ಕರೆಯ ಬದಲು ಕೊಬ್ಬನ್ನು ಉರಿಸಿ ರಕ್ತ ಆಮ್ಲೀಯವಾಗುತ್ತದೆ, ಬೆಕ್ಕು ನರಳಿ ಸಾಯುತ್ತದೆ. ದಿನಕ್ಕೆರಡು ಹೊತ್ತು ತಪ್ಪದೆ ಮಾಡಲು ಸಾಧ್ಯವಿಲ್ಲದ ಮನೆಗಳೂ ಇವೆ. ಅಂಥವರು ನಾಚಿಕೆಪಡದೆ ಅದನ್ನು ಮೊದಲ ದಿನವೇ ವೈದ್ಯರಿಗೆ ಹೇಳಿದರೆ ಬೆಕ್ಕಿಗೆ ಕಡಿಮೆ ಸಂಕಟವಾಗುವ ದಾರಿಯನ್ನಾದರೂ ಯೋಚಿಸಬಹುದು. ಮಾಡಬಲ್ಲೆವು ಎನ್ನುವವರು ಈ ದಿನವೇ ಎರಡು ಕೆಲಸ ಮುಗಿಸಿಕೊಳ್ಳಬೇಕು: ಬಾಟಲಿಯ ಮೇಲಿನ ಅಂಕಿಯನ್ನು ಸಿರಿಂಜಿನ ಅಂಕಿಯೊಂದಿಗೆ ಹೋಲಿಸಿ ನೋಡುವುದು, ಬೆಕ್ಕಿನ ಊಟಕ್ಕೆ ಎರಡು ಹೊತ್ತು ಗೊತ್ತುಮಾಡುವುದು.